ಹದಿನೇಳನೇ ನಂಬರಿನ ಬೋರ್ಡು

ನಮ್ಮಪ್ಪ ಮೆರ್ವ್ ಪಾಸ್ಕೋ 1965ರ ವಿರಾಬಿನ್ ಆರು ಗಂಟೆ ಕಾರು ರೇಸಿನಲ್ಲಿ ಎರಡನೇ ಸ್ಥಾನ ಪಡೆದವನು. ಹುಲ್ಲಿನಂಗಳದಲ್ಲಿ ಚೆಂಡು ಉರುಳಿಸಿ ಆಡುವ ನಮ್ಮೂರ ಬೌಲ್ಸ್ ಕ್ಲಬ್ಬಿನ ಗೋಡೆಯ ಮೇಲಿರುವ ಮರದ ಫಲಕದಲ್ಲಿ ಚಿನ್ನದ ಅಕ್ಷರಗಳಲ್ಲಿ ಹಾಗೆಂದು ಬರೆದಿದೆ: ಕ್ಲೈವ್ ಟ್ರೆಂಬಾತ್, ಮೆರ್ವ್ ಪಾಸ್ಕೋ, ಕಾರು ನಂಬರ್ ಹದಿನೇಳು. ಹೊಸಬರು ಯಾರಾದರೂ ಅದನ್ನು ಓದಿ ಭೇಷ್ ಎಂದು ಅಪ್ಪನ ಬೆನ್ನು ತಟ್ಟಿದರೆ ಅವನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗೆ ಆಗುತ್ತದೆ. ಏಕೆಂದರೆ ಆ ದಿನ ಅವನು ಆ ಕಾರನ್ನು ಒಂದು ಗಜವೂ ಓಡಿಸಿರಲಿಲ್ಲ.

ಕಾರು ಇಬ್ಬರದು. ಕ್ಲೈವ್‌ನ ಅಪ್ಪನ ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಎರಡು ಚಳಿಗಾಲ ಕೂತು ಇಬ್ಬರೂ ತಾವೇ ಕಟ್ಟಿದ್ದು. ಗುಜರಿಗೆ ಹೋದ ಹೋಲ್ಡನ್ ಕಾರಿನ ಎಂಜಿನ್, ಫೈಬರ್‌ಗ್ಲಾಸ್ ಮೈ, ಟ್ರ್ಯಾಕ್ಟರಿಗೆ ಬಳಿದು ಉಳಿದ ಹಸಿರು ಬಣ್ಣ. ಮೊದಲರ್ಧ ಕ್ಲೈವ್, ಉಳಿದರ್ಧ ಮೆರ್ವ್ ಎಂದು ಮಾತಾಗಿತ್ತು. ಅರ್ಧ ಮುಗಿಯುವ ಹೊತ್ತಿಗೆ ಅಪ್ಪ ಹೆಲ್ಮೆಟ್ ತೊಟ್ಟು, ‘ಒಳಗೆ’ ಎಂದು ಬರೆದ ಬೋರ್ಡನ್ನು ಎತ್ತಿ ಹಿಡಿದು ಕಾರುಗಳು ಪೆಟ್ರೋಲಿಗೆ ನಿಲ್ಲುವ ಪಿಟ್ಟಿನ ಗೋಡೆಯ ಮೇಲೆ ನಿಂತ. ಕ್ಲೈವ್ ಬರಲಿಲ್ಲ. ಮುಂದಿನ ಸುತ್ತಿಗೂ ಬರಲಿಲ್ಲ. ಪೆಟ್ರೋಲಿಗೆಂದು ಒಮ್ಮೆ ಬಂದವನು ಸೀಟಿನಿಂದ ಅಲುಗದೆ, ಬೇರೆ ಕಡೆ ನೋಡುತ್ತಾ ಟ್ಯಾಂಕು ತುಂಬಿಸಿಕೊಂಡು ಹೊರಟೇ ಹೋದ. ಅಪ್ಪ ಸಂಜೆಯವರೆಗೂ ಬೋರ್ಡು ಹಿಡಿದು ನಿಂತೇ ಇದ್ದ. ರೇಸು ಮುಗಿದ ಮೇಲೆ ಕ್ಲೈವ್ ಹೇಳಿದ್ದು ಒಂದೇ ಮಾತು: ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಬೋರ್ಡು ಕಾಣಲಿಲ್ಲ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇಡೀ ಊರಿಗೆ ಸಾವಿರ ತಲೆಯೂ ಇಲ್ಲ, ಇರುವುದು ಒಂದು ಪಬ್ಬು, ಒಂದು ಕ್ಲಬ್ಬು. ಆದರೂ ಸುಮಾರು ಅರವತ್ತು ವರ್ಷ ಒಬ್ಬರಿಗೊಬ್ಬರು ‘ನಮಸ್ಕಾರ’ ಕೂಡ ಹೇಳದೆ ಕಳೆದಿದ್ದಾರೆ. ಕ್ಲಬ್ಬಿನಲ್ಲಿ ಕ್ಲೈವ್‌ನದು ಕಿಟಕಿ ಪಕ್ಕದ ಕುರ್ಚಿ, ಅಪ್ಪನದು ಡಾರ್ಟ್ಸ್ ಹಲಗೆಯ ಪಕ್ಕದ್ದು. ಮದುವೆಗಳಲ್ಲಿ ಇವರನ್ನು ಒಂದೇ ಮೇಜಿಗೆ ಕೂರಿಸಬಾರದು ಎಂಬುದು ಊರಿನ ಹೆಂಗಸರಿಗೆಲ್ಲ ಬಾಯಿಪಾಠ. ನಮ್ಮಮ್ಮನ ಶವಸಂಸ್ಕಾರಕ್ಕೆ ಕ್ಲೈವ್ ಬಂದಿದ್ದ, ಇಗರ್ಜಿಯ ಹೊರಗೇ ಟೋಪಿ ಕೈಯಲ್ಲಿ ಹಿಡಿದು ನಿಂತು ಹೋದ. ಅಪ್ಪ ನೋಡಿಯೂ ನೋಡದ ಹಾಗೆ ಇದ್ದ. ಒಂದು ಸಲ ಮಾತ್ರ, ಎರಡು ಬಿಯರ್ ಒಳಗಿಳಿದ ಮೇಲೆ ನನಗೆ ಹೇಳಿದ: “ನಂಗೆ ಓಡ್ಸಕ್ಕೆ ಬರಲ್ಲ ಅಂತ ಅವ್ನಿಗೆ ಅನ್ನಿಸ್ತು ಕಣೇ. ಅದನ್ನ ಬಾಯಿಬಿಟ್ಟು ಹೇಳಿದ್ರೂ ಆಗ್ತಿತ್ತು.” ಆಮೇಲೆ ಅವನು ಯಾವ ರೇಸಿಗೂ ಹೋಗಲಿಲ್ಲ.

ನಾನು ಗ್ಲೆನಿಸ್, ಅವನ ಒಬ್ಬಳೇ ಮಗಳು. ಊರಿನ ಶಾಲಾ ಬಸ್ಸು ಓಡಿಸುತ್ತೇನೆ. ವಾರದಲ್ಲಿ ಐದು ದಿನ ಮಕ್ಕಳನ್ನು ತುಂಬಿಕೊಂಡು ಆಮೆಯಂತೆ ಹೋಗುವ ನಾನು ಭಾನುವಾರ ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸುತ್ತೇನೆ. ನಮ್ಮದೊಂದು ಆನ್‌ಲೈನ್ ಲೀಗು. ಹಳೆಯ ಸ್ಪೋರ್ಟ್ಸ್ ಕಾರ್ ರೇಸುಗಳನ್ನು, ಅಂದು ಯಾವ ಕಾರುಗಳು ಓಡಿದವೋ ಅವೇ ಕಾರುಗಳಲ್ಲಿ, ಅದೇ ರಸ್ತೆಯಲ್ಲಿ, ಅದೇ ನಿಯಮದಲ್ಲಿ ಮತ್ತೆ ಆಡುತ್ತೇವೆ. ಅಡಿಲೇಡ್‌ನಿಂದ ಸಮುದ್ರದಾಚೆಯ ಸುವಾವರೆಗೆ ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ. ಲೀಗಿನ ಯಜಮಾನ, ಅವನೂ ಸಮುದ್ರದಾಚೆಯವನೇ, ಇನ್ವರ್‌ಕಾರ್ಗಿಲ್‌ನ ಹೆಮಿ ಪಾರಾಟಾ. ಮಾತು ಮೃದು, ನಿಯಮ ಮಾತ್ರ ಕಲ್ಲು.

ಹೆಮಿಯ ನಿಯಮಗಳಲ್ಲಿ ಎರಡನ್ನು ಹೇಳಲೇಬೇಕು. ಒಂದು, ಹಳೆಯ ಕಾಲದಂತೆ ಓಡಿ ಹತ್ತುವ ಆರಂಭ. ಎಲ್ಲರೂ ತಮ್ಮ ತಮ್ಮ ಕೋಣೆಯ ಎದುರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಪರದೆಯ ಮೇಲೆ ಬಾವುಟ ಬಿದ್ದಾಗ ಓಡಿ ಹೋಗಿ ಸ್ಟಿಯರಿಂಗ್ ಜೋಡಿಸಿದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದು ಹೊರಡಬೇಕು. ಎಲ್ಲರ ಕೋಣೆಯಲ್ಲೂ ಕ್ಯಾಮೆರಾ ಇರುವುದರಿಂದ ಮೋಸ ನಡೆಯದು. ಎರಡನೆಯದು, ಆಗ ರೇಡಿಯೋ ಇರಲಿಲ್ಲವಾದ್ದರಿಂದ ಈಗಲೂ ಮಾತಿಲ್ಲ. ಜೊತೆಗಾರನು ಸೀಟಿನ ಪಕ್ಕ ನಿಂತಿರುತ್ತಾನೆ. ಕಾರು ಪಿಟ್ ಗೋಡೆ ದಾಟುವಾಗ ನಿಜವಾದ ಬೋರ್ಡು ಎತ್ತಿ ತೋರಿಸಬಹುದು, ಅಷ್ಟೇ. ಅವನ ಬಾಯಿಂದ ಒಂದು ಮಾತು ಹೊರಬಿದ್ದರೆ ಒಂದು ಸುತ್ತು ಕಡಿತ.

ಈ ವರ್ಷ ಹೆಮಿ ಆರಿಸಿದ ರೇಸು ವಿರಾಬಿನ್ 1965. ನಮ್ಮೂರಿನ ರಸ್ತೆಗಳೇ ಆ ಸರ್ಕ್ಯೂಟು. ಗೋಧಿ ಕಣಜಗಳ ಮುಂದಿನಿಂದ ಹೊರಟು, ಸ್ಮಶಾನದ ನೇರ ರಸ್ತೆ ಹಿಡಿದು, ಪಬ್ಬಿನ ಮೂಲೆ ತಿರುಗಿ, ರೈಲ್ವೆ ಹಳಿ ದಾಟಿ ಮತ್ತೆ ಕಣಜಗಳಿಗೆ. ದಿನವೂ ನಾನು ಬಸ್ಸು ಓಡಿಸುವ ದಾರಿಯೇ. ಹಳೆಯ ಫೋಟೋಗಳನ್ನೂ ಅಪ್ಪನ ನೆನಪನ್ನೂ ಸೇರಿಸಿ ಹೆಮಿ ಹದಿನೇಳನೇ ನಂಬರಿನ ಹಸಿರು ಕಾರನ್ನು ಆಟದೊಳಗೆ ಕಟ್ಟಿಬಿಟ್ಟ. ಮೊದಲ ಸಲ ಅದು ಪರದೆಯ ಮೇಲೆ ಮೂಡಿದಾಗ ಅಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದ. ಎಡಗಡೆ ಬಾಗಿಲಿನ ಕೆಳಗೆ ಬಣ್ಣ ಸೋರಿದ್ದ ಗುರುತೂ ಇರಬೇಕಿತ್ತು ಎಂದ. ಮರುದಿನ ಹೆಮಿ ಅದನ್ನೂ ಹಾಕಿ ಕಳಿಸಿದ.

“ನಂಗೆ ಗೆಲ್ಲೋದೆಲ್ಲ ಬೇಡ,” ಎಂದ ಅಪ್ಪ. “ಒಂದು ಗಂಟೆ ಕೊಡು. ನಂದು ಅಂತ ಒಂದು ಗಂಟೆ. ಆಮೇಲೆ ನೀನೇ ಓಡ್ಸಿ ಮುಗ್ಸು.”

ಆರು ಗಂಟೆಯ ರೇಸನ್ನು ಹೆಮಿ ಮೂರಕ್ಕೆ ಇಳಿಸಿದ್ದ. ಹಾಗಾಗಿ ಲೆಕ್ಕ ಸರಳ: ಮೊದಲ ಗಂಟೆ ನಾನು, ನಡುವಿನದು ಅಪ್ಪ, ಕೊನೆಯದು ಮತ್ತೆ ನಾನು. ಎಂಬತ್ತು ದಾಟಿದ ಅವನ ಬೆರಳುಗಳು ಒಂದು ಗಂಟೆಗಿಂತ ಹೆಚ್ಚು ಸ್ಟಿಯರಿಂಗ್ ಹಿಡಿದರೆ ಸೆಟೆದುಕೊಳ್ಳುತ್ತವೆ ಎಂಬುದು ಅಭ್ಯಾಸದಲ್ಲೇ ಗೊತ್ತಾಗಿತ್ತು. ಆದರೆ ಆ ಒಂದು ಗಂಟೆಯಲ್ಲಿ ಅವನು ಓಡಿಸುತ್ತಿದ್ದ ರೀತಿ ನೋಡುತ್ತಾ ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ. ಆ ಗಂಟೆಯನ್ನು ಅವನಿಗೆ ಕೊಡಿಸಲೇಬೇಕು ಎಂದು ನನಗೆ ಹಟ ಹತ್ತಿತು.

ಒಂದೇ ತೊಂದರೆ ಎಂದರೆ ಮನೆಯ ಇಂಟರ್ನೆಟ್ಟು. ಗಾಳಿ ಬೀಸಿದರೆ ಹೋಗುತ್ತದೆ, ಬೀಸದಿದ್ದರೂ ಹೋಗುತ್ತದೆ. ಊರಿನಲ್ಲಿ ನಂಬಬಹುದಾದ ಸಂಪರ್ಕ ಇರುವುದು ಬೌಲ್ಸ್ ಕ್ಲಬ್ಬಿನಲ್ಲಿ ಮಾತ್ರ. ಹೀಗಾಗಿ ಸೀಟು, ಸ್ಟಿಯರಿಂಗು, ಪೆಡಲು, ಪರದೆ ಎಲ್ಲವನ್ನೂ ಹಿಂದೆ ತೆರೆದ ತೊಟ್ಟಿಯಿರುವ ನಮ್ಮ ಯೂಟ್ ಗಾಡಿಯಲ್ಲಿ ಹೇರಿಕೊಂಡು ಹೋಗಿ ಡಾರ್ಟ್ಸ್ ಹಲಗೆಯ ಕೆಳಗೆ ಜೋಡಿಸಿದೆ. ಪರದೆಯ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳ ಪರದೆಬಟ್ಟೆಗಳನ್ನೆಲ್ಲ ಎಳೆದೆ. ಭಾನುವಾರ ಮಧ್ಯಾಹ್ನ ಊರಿನ ಅರ್ಧ ಜನ ಅಲ್ಲೇ ಇದ್ದರು. ಗೆದ್ದವರಿಗೆ ಮಾಂಸ ಕೊಡುವ ಲಾಟರಿಯ ಚೀಟಿ ಮಾರುತ್ತಿದ್ದರು, ಸಾಸೇಜ್ ರೋಲುಗಳ ಟ್ರೇ ಸುತ್ತುತ್ತಿತ್ತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕ್ಲೈವ್ ಟ್ರೆಂಬಾತ್, ಎಂದಿನಂತೆ, ನಮಗೆ ಬೆನ್ನು ಹಾಕಿ ಕೂತಿದ್ದ. ನಾನು ಬಟ್ಟೆ ಎಳೆದಾಗ ಅವನಿಗೆ ಬೌಲ್ಸ್ ಅಂಗಳ ಕಾಣದಂತಾಯಿತು. ಆದರೂ ಎದ್ದು ಹೋಗಲಿಲ್ಲ, ಮುಚ್ಚಿದ ಬಟ್ಟೆಯನ್ನೇ ನೋಡುತ್ತಾ ಕೂತ.

ಬಾವುಟ ಬಿತ್ತು. ನಾನು ಕಾಲುಚೀಲದಲ್ಲೇ ಓಡಿದೆ, ಕ್ಲಬ್ಬಿನ ನುಣುಪು ನೆಲದಲ್ಲಿ ಜಾರಿ ಸೀಟಿನ ಮೇಲೆ ಮಗುಚಿದೆ. ಜನ ಹೋ ಎಂದರು. ಆದರೆ ಅಡಿಲೇಡ್‌ನಲ್ಲಿ ಇನ್ನೂ ದೊಡ್ಡ ಅನಾಹುತವಾಗಿತ್ತು. ಕೆಂಪು ಇಟಾಲಿಯನ್ ಕಾರಿನ ಸ್ಟಾವ್ರೋಸ್ ಎಂಬ ಹಲ್ಲಿನ ಡಾಕ್ಟರು, ಲೀಗಿನ ಚಾಂಪಿಯನ್ನು, ತನ್ನ ನಾಯಿಯನ್ನು ಎಡವಿ ಬಿದ್ದು ಎಲ್ಲರಿಗಿಂತ ಕೊನೆಯಲ್ಲಿ ಹೊರಟಿದ್ದ.

ಆ ಗಂಟೆ ಹೇಗೆ ಕಳೆಯಿತೋ. ಹಸಿರು ಕಾರು ಹಟಮಾರಿ, ತಿರುವಿನಲ್ಲಿ ಹಿಂಬದಿ ಜಾರುತ್ತದೆ, ಆದರೆ ನೇರ ರಸ್ತೆಯಲ್ಲಿ ಬಿಟ್ಟರೆ ಪ್ರಾಣ ಕೊಟ್ಟು ಓಡುತ್ತದೆ. ಪಬ್ಬಿನ ಮೂಲೆಯಲ್ಲಿ ರಸ್ತೆ ಚರಂಡಿಯ ಕಡೆ ವಾಲಿದೆ, ಎಡಕ್ಕೆ ಅಂಟಿಕೊಂಡರೆ ಕಾರು ತಾನೇ ತಿರುಗುತ್ತದೆ. ಅದು ಗೊತ್ತಿದ್ದದ್ದು ನಮ್ಮೂರಿನವರಿಗೆ ಮಾತ್ರ. ಅಲ್ಲೇ ಒಬ್ಬೊಬ್ಬರನ್ನೇ ಹಿಂದೆ ಹಾಕಿದೆ. ಒಂದು ಗಂಟೆ ತುಂಬುವಾಗ ನಾನು ಎರಡನೆಯವಳು, ಮೊದಲನೆಯ ಕಾರಿನ ಹೊಗೆ ಮೂಗಿಗೆ ಬರುವಷ್ಟು ಹತ್ತಿರ.

ಆಗ ಕಣ್ಣಿನ ಅಂಚಿನಲ್ಲಿ ಬೋರ್ಡು ಕಂಡಿತು. ಒಳಗೆ. ಅಪ್ಪ ಎರಡು ಕೈಯಲ್ಲೂ ಅದನ್ನು ಎತ್ತಿ ಹಿಡಿದಿದ್ದ. ನಿಜ ಹೇಳುತ್ತೇನೆ, ನನ್ನ ಕಾಲು ಪೆಡಲಿನ ಮೇಲಿಂದ ಏಳಲು ಒಪ್ಪಲಿಲ್ಲ. ಇನ್ನೊಂದೇ ಸುತ್ತು ಎಂದು ಯಾರೋ ಕಿವಿಯಲ್ಲಿ ಉಸುರಿದಂತಾಯಿತು. ಆದರೆ ಆ ಬೋರ್ಡು ನಡುಗುತ್ತಿತ್ತು. ಮುಂದಿನ ಸಲ ಕಣಜಗಳ ಹತ್ತಿರ ಬಂದಾಗ ನಾನು ಹಲ್ಲು ಕಚ್ಚಿ ಕಾರನ್ನು ಪಿಟ್ಟಿಗೆ ತಿರುಗಿಸಿದೆ.

ಟ್ಯಾಂಕು ಕುತ್ತಿಗೆಯವರೆಗೆ ತುಂಬಿಸಿದೆವು. ನಾನು ಎದ್ದೆ, ಸೀಟನ್ನು ಮುಂದಕ್ಕೆ ತಳ್ಳಿದೆ, ದಿಂಬು ಇಟ್ಟೆ. ಅಪ್ಪ ಕೂತ. ಅವನ ತಲೆಯ ಮೇಲೆ 1965ರ ಹೆಲ್ಮೆಟ್ಟೇ ಇತ್ತು, ಒಳಗಿನ ಸ್ಪಂಜು ಪುಡಿ ಪುಡಿಯಾಗಿ ಕಿವಿಯ ಮೇಲೆ ಉದುರುತ್ತಿತ್ತು. ಕಾರು ಪಿಟ್ಟಿನಿಂದ ಹೊರಟಿತು. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ನಾನು ಬೋರ್ಡು ಎತ್ತಿಕೊಂಡು ಸೀಟಿನ ಪಕ್ಕ ನಿಂತೆ.

ಮೊದಲ ಕೆಲವು ಸುತ್ತು ಅಪ್ಪ ಅಳುಕಿದ, ಇಬ್ಬರು ಅವನನ್ನು ದಾಟಿ ಹೋದರು. ಆಮೇಲೆ ಅವನ ಭುಜ ಇಳಿಯಿತು, ಗದ್ದ ಮುಂದೆ ಬಂತು, ಸ್ಮಶಾನದ ನೇರ ರಸ್ತೆಯಲ್ಲಿ ಹಸಿರು ಕಾರು ಕೂಗಲು ಶುರುಮಾಡಿತು. ರೈಲ್ವೆ ಹಳಿಯ ಹತ್ತಿರ ಎಲ್ಲರೂ ಬ್ರೇಕು ಒತ್ತುತ್ತಿದ್ದರು. ಅಪ್ಪ ಒತ್ತಲಿಲ್ಲ. ನಾಲ್ಕು ಚಕ್ರವೂ ನೆಲ ಬಿಟ್ಟು ಹಾರಿ ಆಚೆ ಬಿದ್ದು ಮುಂದೆ ಹೋಯಿತು. ಜನ ಎದ್ದು ನಿಂತರು. ಸಾಸೇಜ್ ರೋಲಿನ ಟ್ರೇ ಎಲ್ಲಿತ್ತೋ ಅಲ್ಲೇ ನಿಂತಿತು. ದಾಟಿ ಹೋಗಿದ್ದ ಇಬ್ಬರನ್ನೂ ಒಂದೇ ಸುತ್ತಿನಲ್ಲಿ ಹಿಂದಕ್ಕೆ ಕಳಿಸಿದ.

ಸ್ಪೀಕರಿನಲ್ಲಿ ಹೆಮಿ ಹೇಳುತ್ತಿದ್ದ: “ಕೋರೋ ಮತ್ತೆ ಹಾರಿದ್ರು. ಇನ್ವರ್‌ಕಾರ್ಗಿಲ್‌ನಲ್ಲಿ ನಮ್ಮನೆಯವ್ರೆಲ್ಲ ಅಡುಗೆ ಬಿಟ್ಟು ಬಂದು ನಿಂತಿದಾರೆ.” ಅವರ ಕಡೆ ಅಜ್ಜಂದಿರನ್ನು ಕೋರೋ ಎಂದೇ ಕರೆಯುವುದು.

ಅಪ್ಪನ ಗಂಟೆ ಮುಗಿಯುತ್ತಾ ಬಂತು. ಮುಂದಿದ್ದ ಕಾರನ್ನೂ ದಾಟಿ ಅವನು ಮೊದಲ ಸ್ಥಾನದಲ್ಲಿದ್ದ. ಹಿಂದಿನಿಂದ ಸ್ಟಾವ್ರೋಸ್‌ನ ಕೆಂಪು ಕಾರು ಎಲ್ಲರನ್ನೂ ನುಂಗುತ್ತಾ ಬರುತ್ತಿತ್ತು. ಈಗ ನಾನು ಕೂತರೆ, ದಣಿಯದ ಕೈಯಲ್ಲಿ ಓಡಿಸಿದರೆ, ಗೆಲುವು ನಮ್ಮದೇ ಎಂದು ನನಗೆ ಖಾತ್ರಿಯಿತ್ತು. ಬೋರ್ಡು ಎತ್ತಿದೆ. ಒಳಗೆ.

ಅಪ್ಪ ದಾಟಿ ಹೋದ.

ಕಾಣಲಿಲ್ಲವೇನೋ ಎಂದುಕೊಂಡೆ. ಮುಂದಿನ ಸುತ್ತಿಗೆ ಇನ್ನೂ ಹತ್ತಿರ ಹಿಡಿದೆ. ದಾಟಿ ಹೋದ. ಅದರ ಮುಂದಿನ ಸುತ್ತಿಗೆ ಬೋರ್ಡನ್ನು ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಅಲ್ಲಾಡಿಸಿದೆ. ಅವನು ಕತ್ತು ಓರೆ ಮಾಡಿ, ಬೋರ್ಡಿನ ಅಂಚಿನಿಂದ ಇಣುಕಿ ರಸ್ತೆ ನೋಡಿಕೊಂಡು ಹೋದ. ಅವನ ತೋಳು ಹಿಡಿದು ಎಳೆಯೋಣವೆನ್ನಿಸಿತು. ಆದರೆ ಮೇಲೆ ಕ್ಯಾಮೆರಾ, ಎದುರಿಗೆ ಮೈಕು. ಒಂದು ಮಾತು ಬಿದ್ದರೆ ಒಂದು ಸುತ್ತು ಹೋಯಿತು. ಒಬ್ಬನೇ ಕೊನೆಯವರೆಗೆ ಓಡಿಸಿದರೂ 1965ರ ನಿಯಮದಲ್ಲಿ ತಪ್ಪಿಲ್ಲ, ಆದ್ದರಿಂದ ಹೆಮಿಯೂ ಏನೂ ಅನ್ನುವಂತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇವನಿಗಾಗಿ ನಾನು ಕಾಲೆತ್ತಿ ಒಳಗೆ ಬಂದಿದ್ದೆ. ಇವನಿಗಾಗಿ ಇಷ್ಟೆಲ್ಲ ಹೊತ್ತುಕೊಂಡು ಬಂದಿದ್ದೆ. ಬೋರ್ಡು ಹಿಡಿದ ಕೈ ಸೋಲತೊಡಗಿತು. ಆಗ ನನಗೆ ಥಟ್ಟನೆ ಹೊಳೆಯಿತು, ನಾನು ನಿಂತಿರುವುದು ಎಲ್ಲಿ ಎಂದು.

ಪಕ್ಕದಲ್ಲಿ ಯಾರೋ ಬಂದು ನಿಂತರು. ಕ್ಲೈವ್. ಕಿಟಕಿಯ ಕುರ್ಚಿ ಬಿಟ್ಟು ಯಾವಾಗ ಎದ್ದಿದ್ದನೋ. ಅವನ ಕಣ್ಣು ಪರದೆಯ ಮೇಲಿನ ಹಸಿರು ಕಾರಿನ ಮೇಲೇ ಇತ್ತು. ಬೋರ್ಡಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗಿಳಿಸಿದ.

“ಅವ್ನು ಇನ್ನು ಬರಲ್ಲಮ್ಮ,” ಎಂದ. “ಸುಮ್ನೆ ಕೈನೋವು.”

ಕೊನೆಯ ಗಂಟೆ ಇಡೀ ನಾವಿಬ್ಬರೂ ಅಕ್ಕಪಕ್ಕ ನಿಂತು ನೋಡಿದೆವು. ಕೋಪ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಕೆಂಪು ಕಾರು ಬಂತು, ಹಿಂದೆ ಅಂಟಿತು, ದಾಟಿತು. ಅಪ್ಪ ಪಬ್ಬಿನ ಮೂಲೆಯಲ್ಲಿ ಚರಂಡಿಯ ಪಕ್ಕದಿಂದ ನುಗ್ಗಿ ಮತ್ತೆ ಮುಂದೆ ಬಂದ. ಮತ್ತೆ ಕೆಂಪು, ಮತ್ತೆ ಹಸಿರು. ಪ್ರತಿ ಸಲ ಗೇರು ಬದಲಿಸಬೇಕಾದಾಗ ಕ್ಲೈವ್‌ನ ಎಡಗೈ ತಾನಾಗಿ ಗಾಳಿಯಲ್ಲಿ ಗೇರು ಎಳೆಯುತ್ತಿತ್ತು. ಜನ ಕುರ್ಚಿಗಳ ಮೇಲೆ ಹತ್ತಿದ್ದರು, ಲಾಟರಿಯ ಮಾಂಸ ಮೇಜಿನ ಮೇಲೆ ಕರಗುತ್ತಾ ಬಿದ್ದಿತ್ತು. ನನಗಂತೂ ಎಷ್ಟು ಖುಷಿಯಾಗಿತ್ತೆಂದರೆ ಅಳು ಬರುತ್ತಿತ್ತು.

ಕೊನೆಯ ಸುತ್ತಿಗೆ ಅಪ್ಪ ಕಾರಿನ ಅರ್ಧದಷ್ಟು ಮುಂದಿದ್ದ. ರೈಲ್ವೆ ಹಳಿ ಹಾರಿದ. ಆಚೆ ಬಿದ್ದಾಗ ಗೇರು ಹಾಕಬೇಕಿತ್ತು. ಬೆರಳು ಮಡಚಿಕೊಂಡೇ ನಿಂತವು, ಬಿಚ್ಚಲಿಲ್ಲ. ಅಂಗೈಯ ಬುಡದಿಂದ ಗುದ್ದಿ ಹೇಗೋ ಹಾಕಿದ. ಕಣ್ಣು ಮಿಟುಕಿಸುವಷ್ಟು ತಡವಾಯಿತು, ಅಷ್ಟೇ. ಕಣಜಗಳ ಮುಂದೆ ಕೆಂಪು ಕಾರಿನ ಮೂತಿ ಹಸಿರು ಕಾರಿನ ಮೂತಿಗಿಂತ ಒಂದು ಮೊಳ ಮುಂದೆ ಗೆರೆ ದಾಟಿತು.

ಎರಡನೇ ಸ್ಥಾನ. ಕ್ಲಬ್ಬಿನ ಸೂರು ಹಾರಿಹೋಗುವಂತೆ ಕೂಗು. ಸ್ಪೀಕರಿನಲ್ಲಿ ಸ್ಟಾವ್ರೋಸ್ ಏದುಸಿರು ಬಿಡುತ್ತಾ, ಈ ಮುದುಕ ಯಾರು, ಇವರನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳುತ್ತಿದ್ದ. ಅಪ್ಪ ಸ್ಟಿಯರಿಂಗ್ ಬಿಡಲಾಗದೆ ಕೂತೇ ಇದ್ದ. ನಾನೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಮುಖ ಬೆವರಿನಲ್ಲಿ ತೋಯ್ದು ಹೋಗಿತ್ತು. ಅಷ್ಟು ಎಳೆಯ ಮುಖವನ್ನು ನಾನು ಅವನ ಮದುವೆಯ ಫೋಟೋದಲ್ಲೂ ನೋಡಿಲ್ಲ.

ರೇಸು ಮುಗಿದಿತ್ತಾದ್ದರಿಂದ ಬಾಯಿ ಬಿಡಬಹುದಿತ್ತು. “ಯಾಕಪ್ಪಾ ಬರ್ಲಿಲ್ಲ ನೀನು,” ಎಂದೆ. “ನಾನು ಕೂತಿದ್ರೆ ಗೆಲ್ತಿದ್ವಿ. ಮೂಗಿನ ಕೆಳ್ಗೇ ಹಿಡಿದಿದ್ನಲ್ಲ ಬೋರ್ಡು.”

“ಬೋರ್ಡು ಕಾಣ್ಲಿಲ್ಲ ಕಣೇ,” ಎಂದ ಅಪ್ಪ.

ಅಂದವನೇ ಬೆಚ್ಚಿದ. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದಿತ್ತು. ಊರಿನಲ್ಲಿ ಆ ಮಾತು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅಪ್ಪ ಕತ್ತು ಹೊರಳಿಸಿ ಮೊದಲು ನನ್ನನ್ನು, ನನ್ನ ಕೈಯ ಬೋರ್ಡನ್ನು, ಆಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದವನನ್ನು ನೋಡಿದ.

“ಬಿಸಿಲು ಕಣ್ಣಿಗೆ ಹೊಡೀತಿತ್ತೇನೋ,” ಎಂದ ಕ್ಲೈವ್, ಎಳೆದ ಪರದೆಬಟ್ಟೆಗಳ ಕತ್ತಲೆಯಲ್ಲಿ.

ಅಪ್ಪ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಕೂದಲಿನ ತುಂಬ ಹಳೆಯ ಸ್ಪಂಜಿನ ಹಳದಿ ಪುಡಿ.

“ನಿಂಗೂ ಕಂಡಿತ್ತು,” ಎಂದ.

“ಕಂಡಿತ್ತು. ಪ್ರತಿ ಸಲಾನೂ.”

“ನಂಗೆ ಓಡ್ಸಕ್ಕೆ ಬರಲ್ಲ ಅಂತ ಬರ್ಲಿಲ್ಲ ನೀನು ಅಂದ್ಕೊಂಡಿದ್ದೆ ಕಣೋ. ಇಷ್ಟು ವರ್ಷಾನೂ.”

ಕ್ಲೈವ್ ಸುಳ್ಳು ಹೇಳಿ ಮಾತು ತೇಲಿಸಿಬಿಡಬಹುದಿತ್ತು, ಹೇಳಲಿಲ್ಲ. “ಅದೆಲ್ಲ ಏನಿಲ್ಲ ಮೆರ್ವ್,” ಎಂದ. “ನಿನ್ನ ನೆನಪೇ ಇರ್ಲಿಲ್ಲ ನಂಗೆ. ಬೋರ್ಡು ಕಾಣ್ತಿತ್ತು, ಹಿಡ್ಕೊಂಡಿರೋನು ಕಾಣ್ತಿರ್ಲಿಲ್ಲ. ಅದನ್ನ ನಿಂಗೆ ಹೆಂಗೆ ಹೇಳ್ಲಿ?”

ಬೇರೆ ಯಾವ ದಿನವಾದರೂ ಆ ಮಾತಿಗೆ ಅಪ್ಪ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ಆದರೆ ಒಂದು ಗಂಟೆಯಿಂದ ಅವನಿಗೆ ಮಗಳಿದ್ದಾಳೆ ಎಂಬುದೂ ನೆನಪಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ಗದ್ದ ನಡುಗಿತು. ಅಳುತ್ತಾನೆಂದು ಹೆದರಿ ನಾನು ಹತ್ತಿರ ಹೋದೆ. ಅಳುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಸದ್ದಿಲ್ಲದೆ, ಕಣ್ಣಿನಲ್ಲಿ ನೀರು ಬರುವಷ್ಟು.

“ಎಂಥ ರಸ್ತೆ ಅಲ್ವೇನೋ ಅದು,” ಎಂದ ಕೊನೆಗೆ.

“ಹಳಿ ಹತ್ರ ಬ್ರೇಕ್ ಒತ್ಬಾರ್ದು ಅಂತ ನಂಗೆ ಅವತ್ತು ಹೊಳೀಲೇ ಇಲ್ಲ ನೋಡು,” ಎಂದ ಕ್ಲೈವ್. “ಅವತ್ತೇ ಇಳಿದು ನಿಂಗೆ ಕೊಟ್ಟಿದ್ರೆ ಗೆಲ್ತಿದ್ವಿ.”

ಆಮೇಲೆ ಬಿಯರು ಬಂತು. ಪರದೆಬಟ್ಟೆಗಳನ್ನು ಸರಿಸಿದರು, ಕರಗಿದ ಮಾಂಸವನ್ನು ಯಾರೋ ಗೆದ್ದರು. ನಾನು ವಯರುಗಳನ್ನು ಸುತ್ತಿಡಲು ಬಗ್ಗಿದಾಗ ಅಪ್ಪ ತಡೆದ. ಸೀಟಿನಿಂದ ಎದ್ದು, ಅದನ್ನು ಹಿಂದಕ್ಕೆ ತಳ್ಳಿ, ದಿಂಬು ತೆಗೆದ. ಕ್ಲೈವ್ ಅವನಿಗಿಂತ ಒಂದು ತಲೆ ಎತ್ತರ, ಅದನ್ನು ಅವನು ಮರೆತಿರಲಿಲ್ಲ.

ಕ್ಲೈವ್ ಕೂತು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದ. ಪರದೆಯ ಮೇಲೆ ಹದಿನೇಳನೇ ನಂಬರಿನ ಹಸಿರು ಮೂತಿ, ಅದರಾಚೆ ಖಾಲಿ ರಸ್ತೆ. ಅಪ್ಪ ನನ್ನ ಕೈಯಿಂದ ಬೋರ್ಡು ಕಿತ್ತುಕೊಂಡು ಅವನ ಪಕ್ಕದಲ್ಲಿ ಹೋಗಿ ನಿಂತ.

“ಐದು ಸುತ್ತು ನಿಂದು, ಆಮೇಲೆ ನಂದು,” ಎಂದ. “ಈ ಸಲ ಬೋರ್ಡು ನೋಡ್ತೀಯಾ?”

“ನೋಡೋಣ,” ಎಂದು ಕ್ಲೈವ್ ಎಂಜಿನ್ ಶುರುಮಾಡಿದ.